ಆಂಟೆನಾ ಎಲ್ಲಿ ನಿಂತಿದೆ?

ಹೊಸ ಬಾನುಲಿ ಕೇಂದ್ರ ಬರುತ್ತದೆ ಎಂಬ ಸುದ್ದಿಯಲ್ಲಿ ಸಾಮಾನ್ಯವಾಗಿ ಎರಡು ಸಂಖ್ಯೆ ಇರುತ್ತವೆ. ಟ್ರಾನ್ಸ್‌ಮಿಟರ್ ಎಷ್ಟು ಕಿಲೋವ್ಯಾಟ್, ಸುತ್ತಲ ಎಷ್ಟು ಕಿಲೋಮೀಟರಿಗೆ ಕೇಳಿಸುತ್ತದೆ. ಓದಿದವರು ಇವೆರಡನ್ನೂ ಗಂಟು ಹಾಕಿಕೊಂಡು, ಕಿಲೋವ್ಯಾಟ್ ಹೆಚ್ಚಿದಷ್ಟೂ ದೂರ ಹೆಚ್ಚು ಎಂದು ತಿಳಿಯುತ್ತಾರೆ. ಪ್ರಸಾರ ಶುರುವಾದ ಮೇಲೆ ಲೆಕ್ಕ ತಪ್ಪುತ್ತದೆ. ಐವತ್ತು ಕಿಲೋಮೀಟರ್ ಆಚೆಯ ಬಯಲುಸೀಮೆಯ ಊರಿನಲ್ಲಿ ಹಾಡು ಸ್ವಚ್ಛವಾಗಿ ಕೇಳುತ್ತದೆ. ಹದಿನೈದೇ ಕಿಲೋಮೀಟರಿನಲ್ಲಿರುವ ಗುಡ್ಡದ ಹಿಂದಿನ ಊರಿನಲ್ಲಿ ಬರೀ ಸುಯ್ಯೆಂಬ ಸದ್ದು. ಅಲ್ಲಿನವರು ತಮ್ಮ ರೇಡಿಯೊ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ. ಆಂಟೆನಾ ಎಲ್ಲಿ, ಎಷ್ಟು ಎತ್ತರದಲ್ಲಿ, ಯಾವ ವಿನ್ಯಾಸದಲ್ಲಿ ನಿಂತಿದೆ ಎಂಬುದನ್ನು ಸುದ್ದಿ ಹೇಳಿರುವುದಿಲ್ಲ, ಅಷ್ಟೆ.

ನೆರೆಯ ತಮಿಳುನಾಡಿನ ಕೊಡೈಕೆನಾಲ್ ಆಕಾಶವಾಣಿಯನ್ನು ನೋಡಿ. ಅದರ ಎಫ್‌ಎಂ ಟ್ರಾನ್ಸ್‌ಮಿಟರ್ 10 ಕಿಲೋವ್ಯಾಟಿನದು, ಬೆಂಗಳೂರಿನ 101.3 ಮೆಗಾಹರ್ಟ್ಸ್ ಕೇಂದ್ರದ್ದೂ ಅಷ್ಟೇ. ಆದರೆ ಕೊಡೈಕೆನಾಲ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಮೇಲಿದೆ. ಕೆಳಗೆ ಮಧುರೆ, ದಿಂಡಿಗಲ್, ತೇನಿಯ ಬಯಲು ಹಾಸಿಕೊಂಡಿದೆ. ಅಲ್ಲಿಂದ ಹೊರಟ ಪ್ರಸಾರ ತಿರುಚಿರಾಪಳ್ಳಿಯ ಕಡೆಗೂ ಮುಟ್ಟುತ್ತದೆ. ಟ್ರಾನ್ಸ್‌ಮಿಟರಿನ ಶಕ್ತಿ ಬೆಂಗಳೂರಿನಷ್ಟೇ ಆಗಿರುವಾಗ ಪ್ರಸಾರವನ್ನು ಅಷ್ಟು ದೂರ ಮುಟ್ಟಿಸುವುದು ಬೆಟ್ಟ.

ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ, ಭೂಮಿ ದುಂಡಗಿದೆ. ಒಂದು ಹಂತದ ಆಚೆಗೆ ನೆಲವೇ ಬಾಗಿ ಅಲೆಯ ಕೆಳಗಿನಿಂದ ಜಾರಿಕೊಳ್ಳುತ್ತದೆ. ವಾತಾವರಣದ ಕೆಳಪದರಗಳಲ್ಲಿ ಗಾಳಿ ದಟ್ಟ, ಮೇಲೆ ತೆಳು. ಹಾಗಾಗಿ ಅಲೆ ಸ್ವಲ್ಪ ಕೆಳಕ್ಕೆ ಬಾಗಿ, ಕಣ್ಣಿಗೆ ಕಾಣುವ ದಿಗಂತಕ್ಕಿಂತ ಸುಮಾರು ನೂರಕ್ಕೆ ಹದಿನೈದರಷ್ಟು ಮುಂದೆ ಹೋಗುತ್ತದೆ. ಲೆಕ್ಕ ಸುಲಭ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 25 ಮೀಟರ್ ಕಂಬಕ್ಕೆ ಸುಮಾರು 20 ಕಿಲೋಮೀಟರ್. 100 ಮೀಟರ್ ಗೋಪುರಕ್ಕೆ 41. ಬಯಲಿನಿಂದ 2,000 ಮೀಟರ್ ಮೇಲಿರುವ ಆಂಟೆನಾಗೆ 184. ದೂರ ಎರಡು ಪಟ್ಟಾಗಬೇಕಾದರೆ ಎತ್ತರ ನಾಲ್ಕು ಪಟ್ಟಾಗಬೇಕು ಎಂಬುದನ್ನೂ ಈ ಲೆಕ್ಕವೇ ಹೇಳುತ್ತದೆ. ಕೇಳುಗನ ಕಡೆಯ ಎತ್ತರವೂ ಹೀಗೆಯೇ ಸೇರಿಕೊಳ್ಳುತ್ತದೆ: ನೆಲಮಟ್ಟದಿಂದ ಒಂದು ಮೀಟರ್ ಮೇಲಿರುವ ರೇಡಿಯೊ ನಾಲ್ಕು ಕಿಲೋಮೀಟರ್ ಕೂಡಿಸುತ್ತದೆ, ತಾರಸಿಯ ಮೇಲೆ ಒಂಬತ್ತು ಮೀಟರಿನಲ್ಲಿ ಕಟ್ಟಿದ ಆಂಟೆನಾ ಹನ್ನೆರಡು ಕೂಡಿಸುತ್ತದೆ.

ದಿಗಂತದ ಒಳಗೂ ಎತ್ತರಕ್ಕೆ ಬೆಲೆ ಇದೆ. ಆಂಟೆನಾದಿಂದ ನೇರವಾಗಿ ಬಂದ ಅಲೆಯ ಜೊತೆಗೆ ನೆಲಕ್ಕೆ ತಗುಲಿ ಪುಟಿದ ಅಲೆಯೂ ರೇಡಿಯೊ ತಲುಪುತ್ತದೆ. ಪುಟಿದದ್ದು ತಲೆಕೆಳಗಾಗಿ ಬರುವುದರಿಂದ ಎರಡೂ ಒಂದನ್ನೊಂದು ಬಹುಪಾಲು ಅಳಿಸುತ್ತವೆ. ಆಂಟೆನಾ ಎತ್ತರವಾದಷ್ಟೂ ಎರಡರ ದಾರಿಗಳ ಅಂತರ ಹೆಚ್ಚುತ್ತದೆ, ಅಳಿಸುವುದು ಕಡಿಮೆಯಾಗುತ್ತದೆ. ಇದರಿಂದಾಗಿ, ಸಮತಟ್ಟು ನೆಲದಲ್ಲಿ, ಕೇಂದ್ರದಿಂದ ಸಾಕಷ್ಟು ದೂರದಲ್ಲಿ ಆಂಟೆನಾವನ್ನು ಎರಡು ಪಟ್ಟು ಎತ್ತರಿಸಿದರೆ ಟ್ರಾನ್ಸ್‌ಮಿಟರಿನ ಶಕ್ತಿಯನ್ನು ನಾಲ್ಕು ಪಟ್ಟು ಹೆಚ್ಚಿಸಿದಷ್ಟೇ ಫಲ. ಬರೀ ಶಕ್ತಿಯನ್ನೇ ನಂಬಿದರೆ, ಅದನ್ನು ಹತ್ತು ಪಟ್ಟು ಮಾಡಿದರೂ ದೂರ ಎರಡು ಪಟ್ಟಾಗುವುದಿಲ್ಲ. ಗೋಪುರದ ಖರ್ಚು ಬಹುಪಾಲು ಒಂದು ಸಲದ್ದು. ಕಿಲೋವ್ಯಾಟ್ ತಿಂಗಳು ತಿಂಗಳೂ ವಿದ್ಯುತ್ ಬಿಲ್ಲಾಗಿ ಬರುತ್ತದೆ. ಸಾರ್ವಜನಿಕ ಹಣದಲ್ಲಿ ನಡೆಯುವ ಪ್ರಸಾರದಲ್ಲಿ ಈ ವ್ಯತ್ಯಾಸಕ್ಕೆ ಇನ್ನೂ ಹೆಚ್ಚಿನ ಗಮನ ಸಿಗಬೇಕು ಎಂದು ನನಗನ್ನಿಸುತ್ತದೆ.

ಇಲ್ಲಿ ಎತ್ತರ ಎಂದರೆ ಗೋಪುರದ ಬುಡದಿಂದ ತುದಿಯವರೆಗಿನ ಅಳತೆ ಮಾತ್ರ ಅಲ್ಲ. ಸುತ್ತಲ ನೆಲಕ್ಕಿಂತ ಆಂಟೆನಾ ಎಷ್ಟು ಮೇಲಿದೆ ಎಂಬುದು ಮುಖ್ಯ. ಎಂಜಿನಿಯರುಗಳು ಕೇಂದ್ರದಿಂದ ಎಲ್ಲ ದಿಕ್ಕಿಗೂ ಗೆರೆ ಎಳೆದು, ಪ್ರತಿ ಗೆರೆಯ ಮೇಲೂ ಸುಮಾರು 3 ಕಿಲೋಮೀಟರಿನಿಂದ 15 ಕಿಲೋಮೀಟರಿನವರೆಗಿನ ನೆಲದ ಸರಾಸರಿ ಮಟ್ಟ ತೆಗೆದು, ಅದಕ್ಕಿಂತ ಆಂಟೆನಾ ಎಷ್ಟು ಮೇಲಿದೆ ಎಂದು ನೋಡುತ್ತಾರೆ. ತಗ್ಗಿನಲ್ಲಿ ಕಟ್ಟಿದ 150 ಮೀಟರ್ ಗೋಪುರಕ್ಕಿಂತ ದಿಣ್ಣೆಯ ಮೇಲಿನ 40 ಮೀಟರ್ ಕಂಬ ಎಷ್ಟೋ ವೇಳೆ ಮೇಲು.

ಈ ಸರಾಸರಿ ಬಯಲುಸೀಮೆಯ ಮಟ್ಟಿಗೆ ಸಾಕು. ಮಲೆನಾಡಿನಲ್ಲಿ, ಕೊಡಗಿನಲ್ಲಿ, ಉತ್ತರ ಕನ್ನಡದ ಘಟ್ಟದಲ್ಲಿ ಸಾಲದು. ಎಫ್‌ಎಂ ಅಲೆಯ ಉದ್ದ ಸುಮಾರು ಮೂರು ಮೀಟರ್. ತನ್ನ ಉದ್ದಕ್ಕಿಂತ ಬಹಳ ದೊಡ್ಡ ಅಡ್ಡಿ ಎದುರಾದಾಗ ಅಲೆ ಅದನ್ನು ಬಳಸಿ ಹೋಗಲಾರದು. ಹಿಂದೆ ನೆರಳು ಬೀಳುತ್ತದೆ. ಗುಡ್ಡದ ನೆತ್ತಿಯಲ್ಲಿ ಅಲೆ ಸ್ವಲ್ಪ ಬಾಗಿ ಆಚೆ ಇಳಿಯುವುದುಂಟು, ಆದರೆ ಇಳಿಯುವಷ್ಟರಲ್ಲಿ ಅದರ ಬಲದ ದೊಡ್ಡ ಪಾಲು ಹೋಗಿರುತ್ತದೆ. ಮಡಿಕೇರಿಯಂಥ ಎತ್ತರದ ಪಟ್ಟಣದಿಂದ ಪ್ರಸಾರ ಮಾಡಿದರೂ ಬೆಟ್ಟದ ಎರಡು ಏಣುಗಳ ನಡುವೆ ಹುದುಗಿದ ಮನೆಗಳಿಗೆ ಆ ಎತ್ತರದಿಂದ ಉಪಯೋಗವಿಲ್ಲ, ಏಕೆಂದರೆ ಆಂಟೆನಾಗೆ ಆ ಮನೆ ಕಾಣುವುದಿಲ್ಲ. ನೇರ ಅಲೆ ಸಿಗದ ಕಣಿವೆಯಲ್ಲಿ ಕೆಲವೊಮ್ಮೆ ಎದುರು ಗುಡ್ಡಕ್ಕೆ ಬಡಿದು ಬಂದ ಅಲೆ ಸಿಗುತ್ತದೆ. ಎರಡು ಕಡೆಯಿಂದ ಬಂದರೆ ಅದೊಂದು ತೊಂದರೆ. ಎರಡರ ದಾರಿಯಲ್ಲಿ ಅರ್ಧ ಅಲೆಯಷ್ಟು, ಅಂದರೆ ಒಂದೂವರೆ ಮೀಟರ್ ವ್ಯತ್ಯಾಸವಿದ್ದರೂ ಒಂದು ಇನ್ನೊಂದನ್ನು ನುಂಗಿಬಿಡುತ್ತದೆ. ಪೇಟೆಯಲ್ಲಿ ಟ್ರಾಫಿಕ್ ಸಿಗ್ನಲ್ಲಿನ ಹತ್ತಿರ ಕಾರು ನಿಂತಾಗ ರೇಡಿಯೊ ಕರಕರ ಎಂದು, ಕಾರು ಒಂದು ಹೆಜ್ಜೆ ಮುಂದೆ ಹೋದಾಗ ಸರಿಯಾಗುವುದಕ್ಕೂ ಇದೇ ಕಾರಣ. ಅಲ್ಲಿ ಗುಡ್ಡದ ಕೆಲಸವನ್ನು ಕಟ್ಟಡಗಳು ಮಾಡುತ್ತವೆ.

ಈವರೆಗೆ ಹೇಳಿದ್ದೆಲ್ಲ ಎಫ್‌ಎಂ ಮಾತು. ಮೀಡಿಯಂ ವೇವ್ ಆಂಟೆನಾದ ಎತ್ತರದ ಕಥೆಯೇ ಬೇರೆ. ಇವೆರಡನ್ನೂ ಬೆರೆಸಿಕೊಂಡರೆ ಮುಂದೆ ತಪ್ಪು ನಿರ್ಧಾರಗಳಾಗುತ್ತವೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಹಳೆಯ ಕೇಳುಗರಿಗೆ ಆಕಾಶವಾಣಿಯ ಉದ್ಘೋಷಕರು ಕಿಲೋಹರ್ಟ್ಸ್ ಜೊತೆಗೆ ಮೀಟರನ್ನೂ ಹೇಳುತ್ತಿದ್ದುದು ನೆನಪಿರಬಹುದು. ಆ ಮೀಟರು ಅಲೆಯ ಉದ್ದ. ಬೆಂಗಳೂರಿನ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್, ಧಾರವಾಡದ 765ರದ್ದು ಸುಮಾರು 392, ಭದ್ರಾವತಿಯ 675ರದ್ದು ಸುಮಾರು 444. ಮೀಡಿಯಂ ವೇವ್ ಕೇಂದ್ರದಲ್ಲಿ ಕಾಣುವ ಉದ್ದನೆಯ ಕಂಬದ ತುದಿಯಲ್ಲಿ ಆಂಟೆನಾ ಇರುವುದಿಲ್ಲ. ಇಡೀ ಕಂಬವೇ ಆಂಟೆನಾ. ಅದನ್ನು ಪಿಂಗಾಣಿಯ ದಪ್ಪ ಇನ್ಸುಲೇಟರಿನ ಮೇಲೆ ನಿಲ್ಲಿಸಿ, ನೆಲಕ್ಕೂ ಕಂಬಕ್ಕೂ ಸಂಪರ್ಕವಿಲ್ಲದಂತೆ ಮಾಡಿ, ಕಂಬಕ್ಕೇ ವಿದ್ಯುತ್ ಹರಿಸುತ್ತಾರೆ. ಎಳೆದು ಕಟ್ಟಿದ ಉಕ್ಕಿನ ಹಗ್ಗಗಳನ್ನೂ ನಡುನಡುವೆ ಇನ್ಸುಲೇಟರ್ ಹಾಕಿ ತುಂಡರಿಸಿರುತ್ತಾರೆ. ಪ್ರಸಾರ ನಡೆಯುವಾಗ ನೆಲದ ಮೇಲೆ ನಿಂತು ಆ ಕಂಬ ಮುಟ್ಟಿದರೆ ಜೀವಕ್ಕೇ ಅಪಾಯ. ಸುತ್ತ ಬೇಲಿ ಇರುವುದು ಅದಕ್ಕೆ.

ಇಂಥ ಕಂಬದ ಎತ್ತರ ಅಲೆಯ ಉದ್ದಕ್ಕೆ ತಕ್ಕ ಪ್ರಮಾಣದಲ್ಲಿರಬೇಕು. ಸಾಮಾನ್ಯವಾಗಿ ಕಾಲು ಪಾಲು: 612ಕ್ಕೆ ಸುಮಾರು 122 ಮೀಟರ್, 765ಕ್ಕೆ ಸುಮಾರು 98. ದೂರ ನೋಡಲು ಈ ಎತ್ತರವಲ್ಲ. ಆ ಉದ್ದದ ಲೋಹದಲ್ಲಿ ಆ ಅಲೆ ಸರಾಗವಾಗಿ ಹುಟ್ಟಿ ಹೊರಬೀಳುತ್ತದೆ ಎಂಬುದಕ್ಕಾಗಿ. ಪೋಲೆಂಡಿನ ಕೋನ್‌ಸ್ಟಾಂಟಿನೂವ್‌ನಲ್ಲಿ 1974ರಲ್ಲಿ ಮುಗಿದ ವಾರ್ಸಾ ರೇಡಿಯೊ ಕಂಬ 646 ಮೀಟರ್ ಎತ್ತರವಿತ್ತು. ಆ ಕಾಲಕ್ಕೆ ಲೋಕದಲ್ಲೇ ಅತಿ ಎತ್ತರದ ನಿರ್ಮಾಣ ಅದು. ಅದು ನಿಂತಿದ್ದು ಬಯಲಿನಲ್ಲಿ. ಅಷ್ಟು ಎತ್ತರ ಯಾಕೆಂದರೆ, ಲಾಂಗ್ ವೇವಿನಲ್ಲಿ ಪ್ರಸಾರ ಮಾಡುತ್ತಿದ್ದ ಆ ಕೇಂದ್ರದ ಅಲೆಯ ಉದ್ದ 1,300 ಮೀಟರಿಗೂ ಹೆಚ್ಚು, ಕಂಬ ಅದರ ಅರ್ಧದಷ್ಟಿರಬೇಕಿತ್ತು. 1991ರ ಆಗಸ್ಟ್ 8ರಂದು ಎಳೆಹಗ್ಗಗಳನ್ನು ಬದಲಿಸುವಾಗ ಅದು ಮುರಿದು ಬಿತ್ತು.

ಮೀಡಿಯಂ ವೇವ್ ಅಲೆ ಹಗಲಿನಲ್ಲಿ ನೆಲವನ್ನು ತಬ್ಬಿಕೊಂಡೇ ಸಾಗುತ್ತದೆ, ಭೂಮಿಯ ಬಾಗಿನ ಜೊತೆಗೇ ಬಾಗುತ್ತದೆ. ನಾನೂರು ಮೀಟರ್ ಉದ್ದದ ಅಲೆಗೆ ಸಾಧಾರಣ ಗುಡ್ಡ ದೊಡ್ಡ ಅಡ್ಡಿಯಲ್ಲ. ಘಟ್ಟದ ಕಣಿವೆಗಳಲ್ಲಿ ಎಫ್‌ಎಂ ಸಿಗದ ಕಡೆ ಭದ್ರಾವತಿಯ ಮೀಡಿಯಂ ವೇವ್ ಸಿಗುತ್ತಿದ್ದುದರ ಗುಟ್ಟು ಇದು. ಅದು ಎಷ್ಟು ದೂರ ಹೋಗುತ್ತದೆ ಎಂಬುದನ್ನು ನೆಲದ ಗುಣ ನಿರ್ಧರಿಸುತ್ತದೆ. ಉಪ್ಪುನೀರು ವಿದ್ಯುತ್ತನ್ನು ಬಹಳ ಚೆನ್ನಾಗಿ ಹರಿಸುತ್ತದೆ, ಒದ್ದೆ ಮಣ್ಣು ಅದಕ್ಕಿಂತ ನೂರಾರು ಪಟ್ಟು ಕಡಿಮೆ, ಒಣ ಕಲ್ಲುನೆಲ ಇನ್ನೂ ಕಡಿಮೆ. ಕರಾವಳಿಯ ಮೀಡಿಯಂ ವೇವ್ ಕೇಂದ್ರದ ಅಲೆ ಪಶ್ಚಿಮಕ್ಕೆ ಕಡಲಿನ ಮೇಲೆ ಹೋದಷ್ಟು ದೂರ ಪೂರ್ವಕ್ಕೆ ಘಟ್ಟದ ಕಡೆ ಹೋಗದು. ದೋಣಿಯಲ್ಲಿರುವ ಮೀನುಗಾರರಿಗೆ ಹವಾಮಾನದ ಎಚ್ಚರಿಕೆ ಮುಟ್ಟಿಸಲು ಇದಕ್ಕಿಂತ ಅಗ್ಗದ ದಾರಿ ಕಡಿಮೆ.

ಕಂಬದ ಬುಡದಿಂದ ಎಲ್ಲ ದಿಕ್ಕಿಗೂ ನೆಲದೊಳಗೆ ತಾಮ್ರದ ತಂತಿ ಹೂತಿರುತ್ತಾರೆ. ಕಂಬದಿಂದ ಹೊರಟ ವಿದ್ಯುತ್ತು ನೆಲದ ಮೂಲಕ ಮರಳಬೇಕು. ಮಣ್ಣಿನಲ್ಲೇ ಮರಳಿದರೆ ಶಕ್ತಿ ಮಣ್ಣನ್ನು ಬಿಸಿಮಾಡಿ ವ್ಯರ್ಥವಾಗುತ್ತದೆ. 1937ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಬ್ರೌನ್, ಲೂಯಿಸ್ ಮತ್ತು ಎಪ್‌ಸ್ಟೈನ್ ಎಂಬ ಎಂಜಿನಿಯರುಗಳು ಅಳೆದು ನೋಡಿ ಪ್ರಕಟಿಸಿದ ಪ್ರಬಂಧದ ನಂತರ 120 ತಂತಿಗಳನ್ನು ಹೂಳುವುದು ಒಂದು ಮಾದರಿಯಾಯಿತು. ಹೊರಗಿನವರ ಕಣ್ಣಿಗೆ ಮೀಡಿಯಂ ವೇವ್ ಕೇಂದ್ರ ಎಂದರೆ ಹುಲ್ಲು ಬೆಳೆದ ಎಕರೆಗಟ್ಟಲೆ ಖಾಲಿ ಜಾಗ, ನಡುವೆ ಒಂದು ಕಂಬ. ಊರು ಬೆಳೆದು ಆ ಜಾಗದ ಅಂಚಿಗೆ ಬಂದಾಗ, ಇಷ್ಟು ನೆಲ ಯಾಕೆ ಸುಮ್ಮನೆ ಬಿದ್ದಿದೆ ಎಂಬ ಮಾತು ಬರುತ್ತದೆ. ಅದು ಸುಮ್ಮನೆ ಬಿದ್ದಿಲ್ಲ. ಆಂಟೆನಾದ ಅರ್ಧ ಭಾಗ ಆ ಹುಲ್ಲಿನ ಕೆಳಗಿದೆ.

ರಾತ್ರಿ ಇನ್ನೊಂದು ಸಂಗತಿ ಸೇರುತ್ತದೆ. ಹಗಲಿನಲ್ಲಿ ವಾತಾವರಣದ ಮೇಲ್ಪದರವೊಂದು ಆಕಾಶಕ್ಕೆ ಹೋದ ಮೀಡಿಯಂ ವೇವ್ ಅಲೆಯನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅದರ ಮೇಲಿನ ಪದರಕ್ಕೆ ತಗುಲಿ ಅಲೆ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ದೂರದವರಿಗೆ ಇದು ಲಾಭ. ಆದರೆ ನೂರಾರು ಕಿಲೋಮೀಟರಿಗಿಂತ ಈಚೆಗೆ, ನೆಲದಲ್ಲಿ ಬಂದ ಅಲೆ ಮತ್ತು ಆಕಾಶದಿಂದ ಇಳಿದ ಅಲೆ ಎರಡೂ ಸಮಬಲವಾಗಿ ಸಿಗುವ ಒಂದು ಪಟ್ಟಿ ಇರುತ್ತದೆ. ಅಲ್ಲಿ ಧ್ವನಿ ಏರಿ, ಇಳಿದು, ಒಡೆದು ಬರುತ್ತದೆ. ಕಂಬವನ್ನು ಅಲೆಯ ಅರ್ಧಕ್ಕಿಂತ ಚೂರು ಹೆಚ್ಚು, ಸುಮಾರು 0.53 ಪಾಲು ಎತ್ತರಿಸಿದರೆ ಮೇಲಕ್ಕೆ ಹೋಗುವ ಅಲೆ ತಗ್ಗಿ ನೆಲದ ಅಲೆ ಬಲಗೊಳ್ಳುತ್ತದೆ, ಆ ಪಟ್ಟಿ ಇನ್ನಷ್ಟು ದೂರ ಸರಿಯುತ್ತದೆ. 765 ಕಿಲೋಹರ್ಟ್ಸಿನಲ್ಲಿ ಇದಕ್ಕೆ ಇನ್ನೂರು ಮೀಟರ್ ಮೀರಿದ ಕಂಬ ಬೇಕು.

ಮತ್ತೆ ಎಫ್‌ಎಂಗೆ ಬರೋಣ. ಅಲ್ಲಿ ವಿನ್ಯಾಸದ ಕೆಲಸ ಬೇರೆ ಬಗೆಯದು. ಗೋಪುರದ ಪಕ್ಕದಲ್ಲಿ ಒಂದರ ಕೆಳಗೊಂದು ಸಾಲಾಗಿ ಕಟ್ಟಿದ ಚಿಕ್ಕ ಆಂಟೆನಾಗಳನ್ನು ನೀವು ನೋಡಿರಬಹುದು. ಒಂದೇ ಒಂದು ಇದ್ದರೆ ಅದು ಹೊರಹಾಕುವ ಶಕ್ತಿಯ ದೊಡ್ಡ ಭಾಗ ಆಕಾಶಕ್ಕೂ ಬುಡದ ನೆಲಕ್ಕೂ ಹೋಗಿ ವ್ಯರ್ಥ. ಹಲವನ್ನು ಸಾಲಾಗಿ ಜೋಡಿಸಿದಾಗ ಮೇಲೆ ಕೆಳಗೆ ಹೋಗುವುದು ಪರಸ್ಪರ ಅಳಿಸಿಹೋಗಿ, ದಿಗಂತದ ಕಡೆಗೆ ಹೋಗುವುದು ಒಟ್ಟುಗೂಡುತ್ತದೆ. ಹೊಲದಲ್ಲಿ ಬದು ಕಟ್ಟಿದರೆ ಬಾವಿಯ ನೀರು ಹೆಚ್ಚುವುದಿಲ್ಲ, ಬೇಕಾದ ಮಡಿಗೆ ಹೋಗುತ್ತದೆ, ಇದೂ ಹಾಗೆಯೇ. ಎಂಟು ಆಂಟೆನಾಗಳ ಸಾಲಿನಿಂದ ಸುಮಾರು ನಾಲ್ಕು ಪಟ್ಟು ಲಾಭ ಸಿಗುತ್ತದೆ, ಅಂದರೆ ಎರಡೂವರೆ ಕಿಲೋವ್ಯಾಟ್ ಟ್ರಾನ್ಸ್‌ಮಿಟರ್ ದಿಗಂತದ ಕಡೆಗೆ ಹತ್ತು ಕಿಲೋವ್ಯಾಟಿನಂತೆ ಕೆಲಸ ಮಾಡುತ್ತದೆ. ಸುದ್ದಿಯಲ್ಲಿ ಬರುವ ಕಿಲೋವ್ಯಾಟ್ ಟ್ರಾನ್ಸ್‌ಮಿಟರಿನದೋ, ಆಂಟೆನಾದಿಂದ ಹೀಗೆ ಹೊರಬೀಳುವ ಪರಿಣಾಮದ್ದೋ ಎಂದು ಕೇಳಿ ತಿಳಿಯಬೇಕಾದದ್ದು ಈ ಕಾರಣಕ್ಕೆ.

ಈ ಲಾಭಕ್ಕೂ ಒಂದು ಬೆಲೆ ಇದೆ. ಸಾಲು ಉದ್ದವಾದಷ್ಟೂ ಹೊರಬೀಳುವ ಕಿರಣ ಚಪ್ಪಟೆಯಾಗುತ್ತದೆ. ಎಂಟರ ಸಾಲಿನಲ್ಲಿ ಮೇಲಿನಿಂದ ಕೆಳಗೆ ಆರೇಳು ಡಿಗ್ರಿ ಮಾತ್ರ. 2,000 ಮೀಟರ್ ಎತ್ತರದ ಬೆಟ್ಟದಿಂದ ಹತ್ತು ಕಿಲೋಮೀಟರ್ ದೂರದ ಊರನ್ನು ನೋಡಬೇಕಾದರೆ ಹನ್ನೊಂದು ಡಿಗ್ರಿ ಕೆಳಗೆ ನೋಡಬೇಕು. ಕಿರಣವನ್ನು ದಿಗಂತಕ್ಕೇ ಗುರಿಯಿಟ್ಟರೆ ಬೆಟ್ಟದ ಬುಡದವರ ತಲೆಯ ಮೇಲೆ ಪ್ರಸಾರ ಹಾದುಹೋಗುತ್ತದೆ. ಗೋಪುರ ಕಣ್ಣಿಗೆ ಕಾಣುವ ಊರಿನಲ್ಲೇ ಧ್ವನಿ ಸರಿಯಿಲ್ಲದಿರುವುದು ಹೀಗೂ ಆಗುತ್ತದೆ. ಸಾಲಿನ ಕೆಳಗಿನ ಆಂಟೆನಾಗಳಿಗೆ ವಿದ್ಯುತ್ತು ತುಸು ತಡವಾಗಿ ತಲುಪುವಂತೆ ಕೇಬಲ್ ಜೋಡಿಸಿ ಕಿರಣವನ್ನು ಕೆಳಗೆ ಬಾಗಿಸಬಹುದು, ನಡುವೆ ಬೀಳುವ ಖಾಲಿ ಪಟ್ಟಿಗಳನ್ನೂ ತುಂಬಬಹುದು. ಆಂಟೆನಾ ಖರೀದಿಸುವ ಮೊದಲೇ ಯೋಚಿಸಬೇಕಾದ ವಿಷಯ ಇದು.

ಅಲೆ ಅಡ್ಡಲಾಗಿ ತೂಗುತ್ತದೆಯೋ ನೆಟ್ಟಗೆಯೋ ಎಂಬುದೂ ಮುಖ್ಯ. ಕಾರಿನ ಮೇಲಿನ ಕಡ್ಡಿ ನೆಟ್ಟಗಿರುತ್ತದೆ, ಹಳೆಯ ಮನೆಗಳ ಮೇಲೆ ಕಟ್ಟುತ್ತಿದ್ದ ಆಂಟೆನಾ ಅಡ್ಡಲಾಗಿರುತ್ತಿತ್ತು, ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನ ವೈರು ಹೇಗೆ ಬೇಕಾದರೂ ಜೋತಾಡುತ್ತದೆ. ಎಲ್ಲರಿಗೂ ಸಿಗಲೆಂದು ಇಂದಿನ ಎಷ್ಟೋ ಕೇಂದ್ರಗಳು ಸುರುಳಿಯಾಗಿ ತಿರುಗುವ ಅಲೆ ಕಳಿಸುತ್ತವೆ.

ಸಣ್ಣ ಕೇಂದ್ರಗಳಿಗೆ ಇದೆಲ್ಲ ಇನ್ನೂ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿ ಶುರುಮಾಡಿದ್ದು 30 ವ್ಯಾಟಿನಲ್ಲಿ. ಈಗಿನ ಸಮುದಾಯ ಬಾನುಲಿಗೆ ನಮ್ಮ ದೇಶದ ನಿಯಮದಂತೆ ಆಂಟೆನಾದಿಂದ ಹೊರಬೀಳುವ ಪರಿಣಾಮಕಾರಿ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರುವಂತಿಲ್ಲ, ಆಂಟೆನಾ 15 ಮೀಟರಿಗಿಂತ ತಗ್ಗಿರಬಾರದು, 30 ಮೀಟರಿಗಿಂತ ಎತ್ತರವಿರಬಾರದು. ಹೀಗೆ ಕೈಕಟ್ಟಿರುವಾಗ ಪ್ರತಿ ವ್ಯಾಟನ್ನೂ ಕಾಪಾಡಿಕೊಳ್ಳಬೇಕು. ಟ್ರಾನ್ಸ್‌ಮಿಟರಿನಿಂದ ಕಂಬದ ತುದಿಗೆ ಹೋಗುವ ಕೇಬಲ್ ತೆಳುವಾದ ಅಗ್ಗದ್ದಾದರೆ ಮೂವತ್ತು ಮೀಟರ್ ಏರುವಷ್ಟರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಶಕ್ತಿ ಕೇಬಲ್ಲಿನಲ್ಲೇ ಸೋರಿಹೋಗುತ್ತದೆ. ಮಳೆಗಾಲದಲ್ಲಿ ಕನೆಕ್ಟರಿನೊಳಗೆ ನೀರು ಇಳಿದರೆ ಇನ್ನಷ್ಟು ಹೋಗುತ್ತದೆ, ಹಿಂದಕ್ಕೆ ಪುಟಿದ ಶಕ್ತಿ ಟ್ರಾನ್ಸ್‌ಮಿಟರನ್ನೇ ಸುಡಬಹುದು. ದಪ್ಪ ಕೇಬಲ್, ಬಿಗಿಯಾಗಿ ಟೇಪು ಸುತ್ತಿದ ಕನೆಕ್ಟರು, ಊರಿನ ದಿಣ್ಣೆಯ ಮೇಲೊಂದು ಜಾಗ: ಈ ಮೂರರಿಂದ ಸಿಗುವ ಹೆಚ್ಚಳಕ್ಕೆ ದೊಡ್ಡ ಟ್ರಾನ್ಸ್‌ಮಿಟರ್ ಬೇಕಿಲ್ಲ.

ಕೊನೆಗೆ ಪ್ರಸಾರ ವ್ಯಾಪ್ತಿಯ ನಕಾಶೆಯ ಮಾತು. ಎಫ್‌ಎಂ ಸ್ಟೀರಿಯೊ ಪ್ರಸಾರಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೂಚಿಸುವ ಅಲೆಬಲ ಹಳ್ಳಿಗಳಲ್ಲಿ ಮೀಟರಿಗೆ ಸುಮಾರು ಅರ್ಧ ಮಿಲಿವೋಲ್ಟ್, ಪಟ್ಟಣಗಳಲ್ಲಿ ಎರಡು, ದೊಡ್ಡ ನಗರಗಳಲ್ಲಿ ಐದು. ಈ ಅಳತೆ ಯಾವ ಎತ್ತರದ್ದು ಎಂದರೆ, ನೆಲದಿಂದ ಹತ್ತು ಮೀಟರ್ ಮೇಲೆ. ಮಾಳಿಗೆ ಮನೆಯ ತಾರಸಿಯ ಮೇಲೆ ಕಂಬ ಹಾಕಿ ಆಂಟೆನಾ ಕಟ್ಟಿದಾಗಿನ ಎತ್ತರ ಅದು. ನಮ್ಮ ಜನ ರೇಡಿಯೊ ಕೇಳುವುದು ಅಡುಗೆಮನೆಯ ಗೂಡಿನಲ್ಲಿ, ಹೊಲದ ಬದುವಿನಲ್ಲಿ, ಜೇಬಿನ ಫೋನಿನಲ್ಲಿ. ಅಲ್ಲಿ ಅಲೆಬಲ ಸುಮಾರು ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ, ಗೋಡೆ ದಾಟಿದರೆ ಮತ್ತೂ ಕಡಿಮೆ. ಕೈವಾರದಲ್ಲಿ ಎಳೆದಂತೆ ದುಂಡಗಿರುವ ವ್ಯಾಪ್ತಿಯ ನಕಾಶೆ ಬಯಲಿನಲ್ಲೂ ಅರ್ಧ ಸತ್ಯ, ಘಟ್ಟದಲ್ಲಿ ಸತ್ಯವೇ ಅಲ್ಲ.

ಇದು ಈಗ ಮುಖ್ಯವಾಗಿರುವುದು ಆಕಾಶವಾಣಿ ಮೀಡಿಯಂ ವೇವ್ ಬಿಟ್ಟು ಎಫ್‌ಎಂ ಕಡೆ ಸಾಗುತ್ತಿರುವುದರಿಂದ. 2023ರ ಏಪ್ರಿಲ್ 28ರಂದು ಒಂದೇ ದಿನ 18 ರಾಜ್ಯಗಳು ಮತ್ತು 2 ಕೇಂದ್ರಾಡಳಿತ ಪ್ರದೇಶಗಳಲ್ಲಿ 100 ವ್ಯಾಟಿನ 91 ಎಫ್‌ಎಂ ಟ್ರಾನ್ಸ್‌ಮಿಟರುಗಳು ಉದ್ಘಾಟನೆಯಾದವು. ಈ ಬದಲಾವಣೆಗೆ ತಕ್ಕ ಕಾರಣಗಳಿವೆ. ಫೋನುಗಳಲ್ಲಿ ಮೀಡಿಯಂ ವೇವ್ ಬರುವುದಿಲ್ಲ, ಎಲ್‌ಇಡಿ ದೀಪ ಮತ್ತು ಚಾರ್ಜರುಗಳ ಗದ್ದಲದಲ್ಲಿ ಅದರ ಧ್ವನಿ ಮುಳುಗುತ್ತದೆ, 200 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್ ನಡೆಸುವ ವಿದ್ಯುತ್ ಖರ್ಚು ಭಾರಿ. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ನೆಲ ತಬ್ಬಿ ಸಾಗುತ್ತಿದ್ದ ಅಲೆಯನ್ನು ನಿಲ್ಲಿಸಿ ನೇರ ನೋಟದ ಅಲೆಯನ್ನು ತಂದಾಗ ಮೊದಲು ಕೈಬಿಟ್ಟುಹೋಗುವವರು ಗುಡ್ಡದ ಹಿಂದಿನವರು. ಮಳೆಗಾಲದಲ್ಲಿ ವಿದ್ಯುತ್ತೂ ಮೊಬೈಲ್ ಸಿಗ್ನಲ್ಲೂ ಮೊದಲು ಹೋಗುವುದು ಅವರ ಮನೆಯಲ್ಲೇ. ಒಂದು ಮೀಡಿಯಂ ವೇವ್ ಕೇಂದ್ರ ನಿಲ್ಲಿಸುವ ಮೊದಲು ಆ ಪ್ರದೇಶದ ಕಣಿವೆ ರಸ್ತೆಗಳಲ್ಲಿ ಅಳತೆಯ ಯಂತ್ರ ಇಟ್ಟುಕೊಂಡು ವಾಹನದಲ್ಲಿ ಓಡಾಡಿ, ಮನೆಯೊಳಗಿನ ಎತ್ತರದಲ್ಲಿ ಎಲ್ಲೆಲ್ಲಿ ಎಫ್‌ಎಂ ಕೇಳುತ್ತದೆ ಎಂದು ನೋಡಬೇಕು. ಗುಡ್ಡ ಕಣಿವೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ನಕಾಶೆಯನ್ನು ಊರಿನ ಹೆಸರುಗಳ ಸಮೇತ ಪ್ರಕಟಿಸಬೇಕು. ನೆರಳು ಬೀಳುವ ಕಡೆ ಒಂದು ದೊಡ್ಡ ಟ್ರಾನ್ಸ್‌ಮಿಟರಿನ ಬದಲು ಏಣುಗಳ ಮೇಲೆ ನಾಲ್ಕೈದು ಚಿಕ್ಕವನ್ನು ಇಡಬೇಕು. 100 ವ್ಯಾಟಿನ ಯಂತ್ರ ಅಲ್ಲಿಗೆ ಸಾಕು, ನಿಲ್ಲಿಸುವ ಜಾಗವನ್ನು ಬೆಟ್ಟ ಹತ್ತಿ ನೋಡಿ ಆರಿಸಿದ್ದರೆ.

ಅಲ್ಲಿಯವರೆಗೆ ಕೇಳುಗರ ಕೈಯಲ್ಲಿರುವುದು ಇಷ್ಟು. ಎಫ್‌ಎಂಗೆ 75 ಸೆಂಟಿಮೀಟರಿನ ಎರಡು ತಂತಿಗಳನ್ನು ಒಂದು ಸಾಲಿನಲ್ಲಿ ಕಟ್ಟಿ, ನಡುವಿನಿಂದ ಟಿವಿ ಕೇಬಲ್ ಇಳಿಸಿ, ಅದರ ಒಳತಂತಿಯನ್ನು ಒಂದಕ್ಕೂ ಹೊರಜಾಲರಿಯನ್ನು ಇನ್ನೊಂದಕ್ಕೂ ಜೋಡಿಸಿ ಆದಷ್ಟು ಎತ್ತರದಲ್ಲಿ ಕಟ್ಟಿದರೆ ಒಳ್ಳೆಯ ಆಂಟೆನಾ ಆಗುತ್ತದೆ. ಅಡ್ಡವಾಗಿಯೂ ನೆಟ್ಟಗೂ ಹಿಡಿದು ಯಾವುದು ಮೇಲೋ ಹಾಗೆ ಬಿಗಿಯಿರಿ, ಕರೆಂಟಿನ ತಂತಿಯಿಂದ ದೂರವಿರಲಿ. ಮೀಡಿಯಂ ವೇವಿಗೆ ರೇಡಿಯೊದ ಒಳಗೇ ಫೆರೈಟ್ ಕಡ್ಡಿಯ ಆಂಟೆನಾ ಇದೆ, ಅದರ ತುದಿ ಕೇಂದ್ರದ ಕಡೆ ಮುಖ ಮಾಡಿದಾಗ ಧ್ವನಿ ಅತಿ ಕಡಿಮೆ, ಅಡ್ಡಲಾಗಿ ನಿಂತಾಗ ಅತಿ ಹೆಚ್ಚು. ಉದ್ದದ ಕಡ್ಡಿಯನ್ನು ಎಳೆದು ಪ್ರಯೋಜನವಿಲ್ಲ. ರೇಡಿಯೊವನ್ನೇ ತಿರುಗಿಸಿ ನೋಡಿ.